ಅವನಿಗೆ ಇದು ಹೇಗೆ ಗೊತ್ತು?

ನಾನು ಬರೆಯಹೊರಟ ಕಥೆಯ ವಸ್ತು ತೀರ ಸರಳವಾದದ್ದು. ಕಾರವಾರದಿಂದ ದಕ್ಷಿಣಕ್ಕೆ, ಬಿಣಗಾ–ಅರಗಾ ಕಡೆಯ ಒಂದು ಕಡಲಂಚಿನ ಊರು. ಅಲ್ಲಿ ಮೀನು ಮಾರಿ ಸಂಸಾರ ನಡೆಸಿದ ಶೇವಂತಿ ಎಂಬ ವಿಧವೆ. ಅವಳ ಮಗ ಗಣಪತಿ. ಸೀಬರ್ಡ್ ನೌಕಾನೆಲೆಗಾಗಿ ಊರಿಗೆ ಊರೇ ಎದ್ದು ಹೋಗಬೇಕಾಗಿ ಬಂದ ತೊಂಬತ್ತರ ದಶಕದ ಕೊನೆಯ ವರ್ಷಗಳು. ತಾಯಿ ಮನೆ ಬಿಡುವುದಿಲ್ಲ ಎನ್ನುತ್ತಾಳೆ. ಪಹಣಿಯಲ್ಲಿ ಹೆಸರಿರುವುದು ಮಗನದು; ಅವನು ತಾಯಿಗೆ ತಿಳಿಸದೆ ಪರಿಹಾರದ ಕಾಗದಕ್ಕೆ ಸಹಿ ಹಾಕಿ ಬಂದಿದ್ದಾನೆ. ಘಟನೆಗಳೆಲ್ಲ ಮೊದಲೇ ಮನಸ್ಸಿನಲ್ಲಿ ನಿಂತಿದ್ದವು, ಕೊನೆಯೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ಇದನ್ನು ಯಾರ ಕಣ್ಣಿನಿಂದ ನೋಡಬೇಕು, ಯಾರ ಬಾಯಿಂದ ಹೇಳಿಸಬೇಕು ಎಂಬುದು ಮಾತ್ರ. ಅದು ಇತ್ಯರ್ಥವಾಗುವವರೆಗೆ ಕಥೆ ಮುಂದೆ ಸರಿಯಲಿಲ್ಲ.

ಮೊದಲು ಕೈಗೆ ಬಂದದ್ದು ತಾಯಿಯ ದನಿ. ಅನ್ಯಾಯಕ್ಕೆ ಒಳಗಾದವರ ಬಾಯಿಂದಲೇ ಕಥೆ ಹೇಳಿಸಬೇಕೆಂಬುದು ನಮ್ಮಲ್ಲಿ ಹೆಚ್ಚುಕಡಿಮೆ ನಿಯಮವೇ ಆಗಿಬಿಟ್ಟಿದೆ. ಯಾರಿಗೆ ನೋವಾಗಿದೆಯೋ ಅವರೇ ‘ನಾನು’ ಎನ್ನಬೇಕು ಎಂದು ಓದುಗರೂ ನಿರೀಕ್ಷಿಸುತ್ತಾರೆ. ಶೇವಂತಿಯ ‘ನಾನು’ ಸರಾಗವಾಗಿಯೇ ಬಂತು. ಬಾವಿಕಟ್ಟೆ, ಬಲೆ ಒಣಗಿಸುವ ಅಂಗಳ, ಗಂಡ ಕಡಲಿಗೆ ಹೋದ ಬೆಳಗು ಎಲ್ಲವೂ ಸಾಲುಸಾಲಾಗಿ ಬಂದು ಕೂತವು. ಆದರೆ ಮರುದಿನ ಓದಿದಾಗ ಆ ಪುಟಗಳಿಗೆ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ವಾಸನೆಯಿತ್ತು: ನ್ಯಾಯಾಲಯದ ಸಾಕ್ಷಿ ಹೇಳಿಕೆಯ ವಾಸನೆ.

ಇದನ್ನು ಸ್ವಲ್ಪ ವಿವರಿಸಬೇಕು. ನಾನು ಕಾರವಾರದಲ್ಲಿ ನ್ಯಾಯಾಲಯದ ಬೆರಳಚ್ಚುಗಾರನಾಗಿ ದುಡಿದು ನಿವೃತ್ತನಾದವನು. 1894ರ ಭೂಸ್ವಾಧೀನ ಕಾಯ್ದೆಯ 18ನೆಯ ಕಲಮಿನ ಪ್ರಕಾರ, ಸರಕಾರ ಗೊತ್ತುಮಾಡಿದ ಪರಿಹಾರ ಸಾಲದೆಂದು ಅನ್ನಿಸಿದವರು ಅದನ್ನು ನ್ಯಾಯಾಲಯದ ನಿರ್ಣಯಕ್ಕೆ ಒಪ್ಪಿಸುವಂತೆ ಕೇಳಬಹುದಿತ್ತು. ಹಾಗೆ ಬಂದ ಪ್ರಕರಣಗಳಲ್ಲಿ ಭೂಮಿ ಕಳೆದುಕೊಂಡವರು ಕಟಕಟೆ ಹತ್ತಿ ಸಾಕ್ಷಿ ಹೇಳುತ್ತಾರೆ. ಅವರು ಹೇಳಿದ್ದನ್ನು ಪ್ರಶ್ನೋತ್ತರವಾಗಿ ಅಲ್ಲ, ಒಂದು ನಿರೂಪಣೆಯಾಗಿ, ಅವರೇ ಒಂದೇ ಉಸಿರಿಗೆ ಹೇಳಿದಂತೆ ಬರೆದುಕೊಳ್ಳುವುದು ಸಿವಿಲ್ ನ್ಯಾಯಾಲಯಗಳ ರೂಢಿ. ಪಾಟೀ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಪ್ರಶ್ನಿಸುವ ಭಾಗದ ಮಾದರಿ ಹೀಗಿರುತ್ತದೆ: ‘ಸದರಿ ಜಮೀನಿನಲ್ಲಿ ಫಲ ಕೊಡುವ 22 ತೆಂಗಿನ ಮರಗಳಿದ್ದವು. ಒಂದೊಂದು ಮರದಿಂದ ವರ್ಷಕ್ಕೆ ಎಷ್ಟು ಕಾಯಿ ಸಿಗುತ್ತಿತ್ತು ಎಂದು ತೋರಿಸಲು ನನ್ನಲ್ಲಿ ದಾಖಲೆ ಇಲ್ಲ. ಹೆಚ್ಚಿನ ಪರಿಹಾರ ಪಡೆಯುವ ಉದ್ದೇಶದಿಂದ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’

ಈ ಕೊನೆಯ ವಾಕ್ಯವನ್ನು ಜಗತ್ತಿನಲ್ಲಿ ಯಾವ ಮನುಷ್ಯನೂ ತನ್ನ ಬಾಯಿಂದ ಆಡಿಲ್ಲ. ವಕೀಲರು ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎನ್ನುತ್ತಾರೆ. ಕಟಕಟೆಯಲ್ಲಿರುವ ಮುದುಕಿ ಕೊಂಕಣಿಯಲ್ಲಿ ಒಂದೇ ಒಂದು ‘ನಾ’ (ಇಲ್ಲ) ಎನ್ನುತ್ತಾಳೆ. ಕಾಗದದ ಮೇಲೆ ಅದು ಕನ್ನಡದ ಉದ್ದ ವಾಕ್ಯವಾಗಿ, ‘ನಾನು’ ಎಂಬ ಕರ್ತೃಪದದೊಂದಿಗೆ ಮೂಡುತ್ತದೆ. ಪುಟದ ಕೆಳಗೆ ‘ತೆರೆದ ನ್ಯಾಯಾಲಯದಲ್ಲಿ ನನ್ನ ಉಕ್ತಲೇಖನದ ಮೇರೆಗೆ ಬೆರಳಚ್ಚು ಮಾಡಿಸಲಾಯಿತು’ ಎಂದು ಒಂದು ಸಾಲು ಇರುತ್ತದೆ. ಆ ‘ನನ್ನ’ ನ್ಯಾಯಾಧೀಶರದು. ಅಂದರೆ ಒಂದೇ ಹಾಳೆಯಲ್ಲಿ ಎರಡು ‘ನಾನು’. ಅವೆರಡನ್ನೂ ಒತ್ತಿದ ಬೆರಳುಗಳು ಮೂರನೆಯವನವು. ನ್ಯಾಯದಾನಕ್ಕೆ ಇದು ಅನುಕೂಲವಾದ ವ್ಯವಸ್ಥೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಭೂಸ್ವಾಧೀನದ ಕಾನೂನಿಗೆ ಬೇಕಾಗಿದ್ದುದು 4ನೆಯ ಕಲಮಿನ ಅಧಿಸೂಚನೆ ಪ್ರಕಟವಾದ ದಿನ ಆ ನೆಲಕ್ಕೆ ಮಾರುಕಟ್ಟೆಯಲ್ಲಿ ಏನು ಬೆಲೆಯಿತ್ತು ಎಂಬ ಮಾಹಿತಿ. ಅದನ್ನು ಹೊರತೆಗೆಯಲು ಈ ರೀತಿಯ ‘ನಾನು’ ಸಾಕು. ಕಥೆಗೆ ಸಾಲದು.

ಭಾಷೆಯ ತೊಡಕು ಇದರ ಜೊತೆಗೇ ಬರುತ್ತದೆ. ಶೇವಂತಿ ಯೋಚಿಸುವುದು ಕಾರವಾರದ ಕೊಂಕಣಿಯಲ್ಲಿ. ಅವಳ ‘ನಾನು’ವನ್ನು ಶಿಷ್ಟ ಕನ್ನಡದಲ್ಲಿ ಬರೆದರೆ ಅವಳು ಶಾಲಾ ಮಾಸ್ತರಳಂತೆ ಕೇಳಿಸುತ್ತಾಳೆ, ಅಂಕೋಲೆ–ಕುಮಟೆ ಕಡೆಯ ಆಡುಗನ್ನಡದಲ್ಲಿ ಬರೆದರೆ ಅದು ಅವಳಿಗೆ ನಾನು ಹೊರಿಸಿದ ಇನ್ನೊಬ್ಬರ ಮಾತಾಗುತ್ತದೆ, ಕೊಂಕಣಿಯ ಲಯವನ್ನು ಕನ್ನಡಕ್ಕೆ ಇಳಿಸಿದರೆ ಹತ್ತು ಸಾಲು ಚೆಂದ, ಹನ್ನೊಂದನೆಯದರಿಂದ ಕಸರತ್ತು. ಪ್ರಥಮ ಪುರುಷದ ‘ಅವಳು’ ಆಗಿದ್ದರೆ ಈ ತೊಡಕು ಇಷ್ಟು ಕಾಡುವುದಿಲ್ಲ, ಏಕೆಂದರೆ ಅಲ್ಲಿ ಮಾತು ನಿರೂಪಕನದು ಎಂದು ಓದುಗ ಒಪ್ಪಿಕೊಂಡೇ ಕೂತಿರುತ್ತಾನೆ.

ಇದಕ್ಕಿಂತ ದೊಡ್ಡ ಅಡಚಣೆ ಕಥೆಯ ಒಳಗಿನಿಂದಲೇ ಎದ್ದಿತು. ಬರೆಯುತ್ತ ಹೋದ ಹಾಗೆ ಶೇವಂತಿಗೆ ಮಗನ ಸಹಿಯ ವಿಷಯ ಮೊದಲಿನಿಂದಲೂ ಗೊತ್ತು ಎಂದು ನನಗೆ ಖಚಿತವಾಯಿತು. ಗೊತ್ತಿದ್ದೂ ಅವಳು ಮಾತೆತ್ತುವುದಿಲ್ಲ. ಹಾಗಾದರೆ ‘ನಾನು’ ಎಂದು ಹೇಳುತ್ತಿರುವವಳು ಅದನ್ನು ಓದುಗನಿಂದ ಏಕೆ ಬಚ್ಚಿಡುತ್ತಾಳೆ? ಬಚ್ಚಿಟ್ಟು ಕೊನೆಯಲ್ಲಿ ಬಿಚ್ಚಿದರೆ ಅದು ಜಾದೂಗಾರನ ಕೆಲಸ. ಮುಚ್ಚಿಡುವ ‘ನಾನು’ ಕನ್ನಡದಲ್ಲಿ ಇಲ್ಲವೆಂದಲ್ಲ. ನಮ್ಮ ಅಂಕೋಲೆಯವರೇ ಆದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಕಥೆ ಹೇಳುವವನಿಗೆ ಹೆಸರೇ ಇಲ್ಲ, ತನ್ನ ಕುಟುಂಬದ ಬಗ್ಗೆ ಅವನು ಬಾಯಿಬಿಟ್ಟು ಹೇಳಲಾಗದ್ದನ್ನು ಓದುಗ ಅವನಿಗಿಂತ ಮೊದಲೇ ನೋಡಿಬಿಡುತ್ತಾನೆ. ಆದರೆ ಅಂಥ ನಿರೂಪಕನಿಗೆ ಮಾತಿನ ಚಟ ಬೇಕು, ಮಾತಾಡಿ ತನ್ನನ್ನು ಸಮರ್ಥಿಸಿಕೊಳ್ಳುವ ಅಗತ್ಯ ಬೇಕು. ಶೇವಂತಿಗೆ ಅದೆರಡೂ ಇಲ್ಲ. ಕಥೆಯಲ್ಲಿ ಅವಳ ಬಲವಿರುವುದೇ ಸುಮ್ಮನಿರುವುದರಲ್ಲಿ. ಅಂಥವಳ ಕೈಗೆ ಇಡೀ ನಿರೂಪಣೆಯನ್ನು ಕೊಟ್ಟು ಪುಟಗಟ್ಟಲೆ ಮಾತಾಡಿಸುವುದೆಂದರೆ ಅವಳಲ್ಲಿ ಇರುವ ಒಂದೇ ಆಸ್ತಿಯನ್ನೂ ಸ್ವಾಧೀನಪಡಿಸಿಕೊಂಡಂತೆ.

ಮೊಮ್ಮಗಳ ಕಣ್ಣು ಎಂಬ ಯೋಚನೆಯೂ ಬಂದು ಹೋಯಿತು. ಮಗುವಿನ ಕಣ್ಣಿನಿಂದ ಬರೆದರೆ ಎಲ್ಲ ದೃಶ್ಯಗಳಲ್ಲೂ ಮಗು ಬಾಗಿಲ ಸಂದಿಯಲ್ಲೋ ಮಂಚದ ಕೆಳಗೋ ಇರಬೇಕಾಗುತ್ತದೆ. ತಹಶೀಲ್ದಾರರ ಕಚೇರಿಯ ಬಾಗಿಲ ಸಂದಿಗೆ ಒಂಬತ್ತು ವರ್ಷದ ಹುಡುಗಿಯನ್ನು ಕಳಿಸುವುದು ಹೇಗೆ? ‘ನೀನು’ ಎಂದು ಸಂಬೋಧಿಸುತ್ತ ಬರೆಯುವ ರೀತಿಯಂತೂ ಒಂದೆರಡು ಸಾಲಿಗೇ ಬೈಗುಳದಂತೆ ಕೇಳಿಸಿತು, ಬಿಟ್ಟೆ.

‘ನಾವು’ ಎಂಬ ದನಿ ಮಾತ್ರ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಇಡೀ ಊರೇ ಕಥೆ ಹೇಳುವುದು: ‘ನಾವು ಆಗ ಬಂಡಿಹಬ್ಬಕ್ಕೆ ವರ್ಗಣಿ ಎತ್ತುತ್ತಿದ್ದೆವು, ಜೀಪು ಬಂದದ್ದು ನಮಗೆ ಕಾಣಿಸಿತು.’ ಊರಿನ ಮಾತಿಗೆ ಇರುವ ಚೇಷ್ಟೆ, ಸಣ್ಣತನ, ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಿರುವ ರೀತಿ ಎಲ್ಲವೂ ಆ ‘ನಾವು’ವಿನಲ್ಲಿ ತಾನಾಗಿ ಬರುತ್ತದೆ. ಸಹಿಯ ಸುದ್ದಿ ಊರಿಗೆಲ್ಲ ಗೊತ್ತಿದ್ದು ಶೇವಂತಿಗೊಬ್ಬಳಿಗೆ ಗೊತ್ತಿಲ್ಲವೆಂದು ಎಲ್ಲರೂ ತಿಳಿದಿರುವ ಸನ್ನಿವೇಶಕ್ಕೆ ಇದಕ್ಕಿಂತ ಹೊಂದುವ ದನಿಯಿಲ್ಲ ಎಂದೇ ಅನ್ನಿಸಿತ್ತು. ಆದರೆ ಪರಿಹಾರದ ಹಣ ಬಂದ ಕೂಡಲೇ ಊರು ಒಂದಾಗಿ ಉಳಿಯುವುದಿಲ್ಲ. ಸಹಿ ಹಾಕಿದವರು, ಹಾಕದವರು, ಜಮೀನು ಇದ್ದವರು, ಗೇಣಿಗೆ ಇದ್ದವರು, ಮನೆಯಷ್ಟೇ ಇದ್ದವರು ಎಂದು ಅದು ಸೀಳಿಕೊಳ್ಳುತ್ತದೆ. ಆಮೇಲೆ ಕೆಲವರು ತೋಡೂರಿನ ಪುನರ್ವಸತಿ ಕಾಲೊನಿಗೆ, ಕೆಲವರು ಮುದಗಾಕ್ಕೆ, ಕೆಲವರು ನೆಂಟರ ಊರಿಗೆ. ಹಾಗೆ ಚದುರಿದವರನ್ನು ‘ನಾವು’ ಎಂಬ ಒಂದು ಪದದಲ್ಲಿ ಕಟ್ಟಿಹಾಕಿ ಕೊನೆಯವರೆಗೆ ಒಯ್ಯುವುದು ಸುಳ್ಳಾಗುತ್ತಿತ್ತು. ಆ ದನಿ ಅರ್ಧದಲ್ಲಿ ಒಡೆದುಹೋಗುವಂತೆ ಬರೆಯಬಹುದಿತ್ತು, ಅದೊಂದು ಒಳ್ಳೆಯ ಕಥೆಯೂ ಆಗುತ್ತಿತ್ತು; ಆದರೆ ಅದು ಊರಿನ ಕಥೆ, ತಾಯಿ–ಮಗನದ್ದಲ್ಲ.

ಉಳಿದದ್ದು ಎಲ್ಲವನ್ನೂ ಬಲ್ಲ ನಿರೂಪಕ. ಇಲ್ಲಿ ನನಗೆ ತಡೆಯಾದದ್ದು ನನ್ನ ತಿಳಿವಳಿಕೆಯೇ. 1986ರಲ್ಲಿ ಯೋಜನೆಗೆ ಶಂಕುಸ್ಥಾಪನೆಯಾದದ್ದು, ಅನಂತರ ವರ್ಷಗಳ ಕಾಲ ಕೆಲಸ ಕುಂಟಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು ಇವೆಲ್ಲ ಸರ್ವಜ್ಞ ನಿರೂಪಕನ ಬಾಯಿಗೆ ಬೇಡವೆಂದರೂ ಬರುತ್ತವೆ. ಬಂದರೆ ಶೇವಂತಿಯ ಅಂಗಳ ವರದಿಯ ಅಡಿಟಿಪ್ಪಣಿಯಾಗುತ್ತದೆ. ಈ ಕರಡನ್ನು ಶಿರಸಿಯಲ್ಲಿರುವ ನನ್ನ ಗೆಳೆಯನಿಗೆ ಓದಲು ಕೊಟ್ಟೆ. ಅವನು ತಾಳಮದ್ದಲೆಯಲ್ಲಿ ಅರ್ಥ ಹೇಳುವವನು, ಕಥೆ ಓದುವುದರಲ್ಲಿ ಬಹಳ ಖಡಕ್. ಓದಿ ಮುಗಿಸಿದವನು ಕಾಗದ ಮಡಿಸುತ್ತ, ‘ಮಾರಾಯಾ, ಭಾಗವತನೂ ನೀನೆ, ಅರ್ಥ ಹೇಳುವವನೂ ನೀನೆ ಆದರೆ ವೇದಿಕೆ ಮೇಲೆ ಮತ್ಯಾರಿಗೆ ಎಂತ ಕೆಲಸ?’ ಎಂದ.

ಅವನ ಮಾತನ್ನು ನಾನು ತಮಾಷೆಯೆಂದು ಬಿಡಲಿಲ್ಲ. ತಾಳಮದ್ದಲೆಯಲ್ಲಿ ಭಾಗವತನ ಪದ್ಯ ಕೌರವನನ್ನು ‘ಅವನು’ ಎನ್ನುತ್ತದೆ. ಪದ್ಯ ಮುಗಿದ ಕೂಡಲೇ ವೇಷವಿಲ್ಲದೆ ಕೂತ ಅರ್ಥಧಾರಿ ಅದೇ ಸಂಗತಿಯನ್ನು ‘ನಾನು’ ಎಂದು ಎತ್ತಿಕೊಳ್ಳುತ್ತಾನೆ. ಪದ್ಯಕ್ಕೆ ಕಥೆಯ ಕೊನೆ ಗೊತ್ತು. ಅರ್ಥಧಾರಿಗೂ ಗೊತ್ತು, ಆದರೆ ಗದಾಯುದ್ಧದ ಹಿಂದಿನ ಘಳಿಗೆಯಲ್ಲಿ ಮಾತಾಡುವ ಕೌರವ ತನ್ನ ತೊಡೆ ಮುರಿಯುತ್ತದೆ ಎಂಬುದನ್ನು ತಿಳಿದವನಂತೆ ಮಾತಾಡಿದರೆ ಎದುರಿಗೆ ಕೂತವರು ಎದ್ದು ಚಹಾ ಕುಡಿಯಲು ಹೋಗುತ್ತಾರೆ. ಇಬ್ಬರ ನಡುವಿನ ಆ ಅಂತರವನ್ನು ಒಂದೇ ವಾಕ್ಯದಲ್ಲಿ ಹಿಡಿಯುವುದು ಸಾಧ್ಯವೇ ಎಂಬ ಪ್ರಶ್ನೆಯಿಂದ ನಾನು ಮಗನ ಕಡೆಗೆ ತಿರುಗಿದೆ.

ಗಣಪತಿಯ ಬಗ್ಗೆ ಅಲ್ಲಿಯವರೆಗೆ ನನಗೆ ಅಷ್ಟೇನೂ ಗೌರವವಿರಲಿಲ್ಲ. ಕಥೆಯಲ್ಲಿ ಅವನು ತಪ್ಪು ಮಾಡಿದವನು. ಆದರೆ ಪ್ರತಿ ದೃಶ್ಯಕ್ಕೂ ಅವನ ಕಣ್ಣನ್ನು ಇಟ್ಟು ನೋಡಿದಾಗ ಬಿಗಿತ ತಾನಾಗಿ ಬಂತು. ತಾಯಿ ಅಂಗಳ ಗುಡಿಸುವುದು ಅವಳ ಕಣ್ಣಿನಿಂದ ಬರೀ ಗುಡಿಸುವುದು. ಸಹಿ ಹಾಕಿ ಬಂದವನ ಕಣ್ಣಿನಿಂದ ಅದೇ ಒಂದು ವಿಚಾರಣೆ. ಗುಟ್ಟು ಯಾರ ಹೊಟ್ಟೆಯಲ್ಲಿದೆಯೋ ಅವರ ಬೆನ್ನಿಗೆ ನಿರೂಪಣೆಯನ್ನು ನಿಲ್ಲಿಸಿದರೆ ಏನೂ ನಡೆಯದ ದೃಶ್ಯದಲ್ಲೂ ಏನೋ ನಡೆಯುತ್ತಿರುತ್ತದೆ. ಮರುಕಕ್ಕೆ ಪಾತ್ರರಾದವರ ಒಳಗೆ ಕೂತು ಬರೆಯುವುದಕ್ಕಿಂತ, ಅವರ ಮುಖ ನೋಡಲಾಗದವರ ಪಕ್ಕದಲ್ಲಿ ಕೂತು ಬರೆಯುವುದು ಅವರಿಗೆ ಹೆಚ್ಚು ನ್ಯಾಯ ಒದಗಿಸುತ್ತದೆ ಎಂಬುದು ಈ ಕಥೆಯ ಮಟ್ಟಿಗೆ ನನ್ನ ನಿಲುವು.

ಹಾಗಾದರೆ ಗಣಪತಿಯೇ ‘ನಾನು’ ಎನ್ನಬಹುದಿತ್ತಲ್ಲ? ಅನ್ನಬಹುದಿತ್ತು. ಆದರೆ ಅವನು ‘ನಾನು’ ಎಂದು ಶುರುಮಾಡಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ, ಇಲ್ಲವೆ ಸಮರ್ಥನೆಯಾಗುತ್ತದೆ. ಎರಡರಲ್ಲೂ ಅವನು ಆ ದಿನಗಳಿಂದ ದಾಟಿ ಬಂದು, ಎಲ್ಲ ತಿಳಿದ ಮೇಲೆ ಹೇಳುತ್ತಿರುವವನಾಗುತ್ತಾನೆ. ನನಗೆ ಬೇಕಾಗಿದ್ದುದು ಇನ್ನೂ ತಿಳಿಯದ ಗಣಪತಿ. ಇಲ್ಲಿ ಕನ್ನಡದ ‘ತಾನು’ ಒದಗಿತು. ‘ತಾನು ಹೇಳಿಬಿಡಬೇಕು ಎಂದುಕೊಂಡ’ ಎಂದರೆ ನಿರೂಪಕ ಒಂದು ಹೆಜ್ಜೆ ಹೊರಗೆ ನಿಂತಿದ್ದಾನೆ. ‘ಎಂದುಕೊಂಡ’ವನ್ನು ತೆಗೆದು ‘ತಾನು ಅಂದೇ ಹೇಳಿಬಿಡಬೇಕಿತ್ತು’ ಎಂದಷ್ಟೇ ಬರೆದರೆ, ವಾಕ್ಯ ಹೊರಗಿನವನದೇ ಆಗಿದ್ದೂ ಅಳಲು ಒಳಗಿನವನದಾಗುತ್ತದೆ. ತೆಂಗಿನ ಮರಗಳನ್ನು ಎಣಿಸುವ ದೃಶ್ಯ ತಾಯಿಯ ‘ನಾನು’ವಿನಲ್ಲಿ ಹೀಗಿತ್ತು:

‘ಇಬ್ಬರು ಬಂದು ಮರಗಳಿಗೆ ಬಣ್ಣದಲ್ಲಿ ನಂಬರು ಬರೆದರು. ನಾನು ಬಾವಿಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದೆ. ಈ ಮರಗಳನ್ನು ನನ್ನ ಗಂಡ ನೆಟ್ಟಿದ್ದ. ನನ್ನ ಎದೆ ಒಡೆದುಹೋಯಿತು.’

ಅದೇ ದೃಶ್ಯ ಈಗ ಹೀಗಿದೆ:

‘ಬಾವಿಯ ಪಕ್ಕದ ಮರಕ್ಕೆ ಬಂದಾಗ ಆಯಿ ಏನಾದರೂ ಕೇಳಿಯೇ ಕೇಳುತ್ತಾಳೆ. ಕೇಳಿದರೆ ತಾನು ಏನು ಹೇಳುವುದು? ಎಲ್ಲರ ಮರಕ್ಕೂ ಬರೆಯುತ್ತಿದ್ದಾರೆ, ಬರೀ ಲೆಕ್ಕಕ್ಕೆ ಎನ್ನಬಹುದು. ಬ್ರಶ್ಶು ಹಿಡಿದವನು ಬಗ್ಗಿದ. ಆಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಗಣಪತಿಯ ಕಡೆ ತಿರುಗಲಿಲ್ಲ. ಈ ಬಣ್ಣ ಒಣಗಲಿಕ್ಕೆ ಎಷ್ಟು ಹೊತ್ತು ಬೇಕು ಎಂದು ಬ್ರಶ್ಶಿನವನನ್ನೇ ಕೇಳಿದಳು.’

ಎರಡನೆಯದರಲ್ಲಿ ಎದೆ ಒಡೆದ ಸಂಗತಿ ಇಲ್ಲ. ಅದನ್ನು ಹೇಳುವ ಅಧಿಕಾರ ಗಣಪತಿಯ ಬಳಿ ಇಲ್ಲ, ಹಾಗಾಗಿ ನನ್ನ ಬಳಿಯೂ ಇಲ್ಲ.

ಇದೇ ಹಂತದಲ್ಲಿ ಏಕವಚನ–ಬಹುವಚನದ ಲೆಕ್ಕವೂ ಸರಿಹೋಯಿತು. ಸರ್ವಜ್ಞ ನಿರೂಪಕನ ಕರಡಿನಲ್ಲಿ ಮೋಜಣಿಗೆ ಬಂದ ಮೂವತ್ತು ವರ್ಷದ ಸರ್ವೇಯರ್ ‘ಬಂದರು, ಕೂತರು’ ಆಗಿದ್ದರು. ಅರವತ್ತು ದಾಟಿದ ಶೇವಂತಿ ‘ಬಂದಳು, ನಿಂತಳು’. ಎಲ್ಲರಿಗೂ ಸಮಾನನಾಗಿರಬೇಕಾದ ನಿರೂಪಕನೇ ಹೀಗೆ ಕುರ್ಚಿ ನೋಡಿ ಮರ್ಯಾದೆ ಕೊಡುತ್ತಿದ್ದರೆ ಕಥೆ ಯಾರ ಪರವಾಗಿದೆ ಎಂಬುದು ಕ್ರಿಯಾಪದದಲ್ಲೇ ಬಯಲಾಗುತ್ತದೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಪ್ರಾಣೇಶಾಚಾರ್ಯರಿಗೆ ಬಹುವಚನ, ನಾರಣಪ್ಪನಿಗೆ ಏಕವಚನ, ಅದು ಅಗ್ರಹಾರವೇ ಅವರಿಬ್ಬರನ್ನು ನೋಡುವ ರೀತಿಯಾದ್ದರಿಂದ ಅಲ್ಲಿ ಸಲ್ಲುತ್ತದೆ. ನನ್ನ ಕಥೆಯಲ್ಲಿ ಆ ನೋಟಕ್ಕೆ ಒಬ್ಬ ಒಡೆಯ ಬೇಕಿತ್ತು. ಗಣಪತಿಯ ಕಣ್ಣಾದ ಮೇಲೆ ಸಾಹೇಬರು ‘ಬಂದರು’ ಎನ್ನುವುದು ಅವನ ಅಳುಕು, ಆಯಿ ‘ಬಂದಳು’ ಎನ್ನುವುದು ಅವನ ಸಲಿಗೆ. ನಮ್ಮ ಕಡೆ ತಾಯಿಯನ್ನು ಬಹುವಚನದಲ್ಲಿ ಕರೆಯುವ ಮಗ ಇದ್ದರೆ ಅವರಿಬ್ಬರ ನಡುವೆ ಏನೋ ಸರಿಯಿಲ್ಲ ಎಂದೇ ಅರ್ಥ. ಸಹಿ ಹಾಕಿದ ಮೇಲೆ ಸಾಹೇಬರಿಗೆ ಅವನು ಮನಸ್ಸಿನಲ್ಲೇ ಏಕವಚನ ಬಳಸುವ ಒಂದು ಜಾಗವೂ ಸಿಕ್ಕಿತು. ಆ ಬದಲಾವಣೆಯನ್ನು ಎಷ್ಟು ಜನ ಗಮನಿಸುತ್ತಾರೋ ಗೊತ್ತಿಲ್ಲ, ಬರೆಯುವಾಗ ನನಗಂತೂ ಖುಷಿಯಾಯಿತು.

ಆರಿಸಿಕೊಂಡ ಕಣ್ಣಿಗೆ ಬೆಲೆ ತೆರಬೇಕಾಗುತ್ತದೆ. ಇಸವಿಗಳನ್ನೆಲ್ಲ ತೆಗೆದುಹಾಕಿದೆ; ಗಣಪತಿ ಇಸವಿಯಲ್ಲಿ ಯೋಚಿಸುವವನಲ್ಲ, ‘ಅಪ್ಪ ಹೋದ ಮಳೆಗಾಲದ ಮುಂದಿನದು’ ಎನ್ನುವವನು. ಮನೆಯ ಮುಂದಿನ ಹೆದ್ದಾರಿಗೆ ಈಗ 66 ಎಂಬ ಸಂಖ್ಯೆ; ಅವನ ಕಾಲಕ್ಕೆ ಅದು 17. ನೌಕಾನೆಲೆ ಮುಂದೆ ಹೇಗಾಯಿತು ಎಂಬುದು ಅವನಿಗೆ ತಿಳಿಯದು, ಆದ್ದರಿಂದ ಕಥೆಯಲ್ಲಿ ಬೇಲಿಯ ಕಂಬಗಳಷ್ಟೇ ಇವೆ. ಒಂದೊಂದು ವಾಕ್ಯಕ್ಕೂ ಪೆನ್ಸಿಲ್ ಇಟ್ಟು ‘ಅವನಿಗೆ ಇದು ಹೇಗೆ ಗೊತ್ತು?’ ಎಂದು ಅಂಚಿನಲ್ಲಿ ಬರೆಯುತ್ತ ಹೋದಾಗ ನನಗೆ ಪ್ರಿಯವಾದ ಎಷ್ಟೋ ವರ್ಣನೆಗಳು ಉದುರಿದವು.

ಹೆಚ್ಚು ತಲೆಕೆಡಿಸಿದ್ದು ತಾಯಿ ಒಬ್ಬಳೇ ಇರುವ ದೃಶ್ಯಗಳು. ಅವಳಿಗೆ ಸಹಿಯ ವಿಷಯ ಗೊತ್ತು ಎಂಬುದು ಓದುಗನಿಗೆ ತಲುಪಬೇಕು, ಆದರೆ ಮಗ ಅಲ್ಲಿಲ್ಲ. ಇದಕ್ಕೆ ದಾರಿ ತೋರಿಸಿದ್ದು ನನ್ನ ಹಳೆಯ ಉದ್ಯೋಗವೇ, ಅದೂ ತಲೆಕೆಳಗಾಗಿ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಮು ಮೌಖಿಕ ಸಾಕ್ಷ್ಯ ನೇರವಾಗಿರಬೇಕು ಎನ್ನುತ್ತಿತ್ತು: ಕಂಡದ್ದಾದರೆ ಕಂಡವನೇ, ಕೇಳಿದ್ದಾದರೆ ಕೇಳಿದವನೇ ಬಂದು ಹೇಳಬೇಕು. ‘ಅವರು ಹೇಳಿದರು, ನಾನು ಕೇಳಿದೆ’ ಎಂಬ ಮಾತಿಗೆ ಅಲ್ಲಿ ತೂಕ ಕಡಿಮೆ. ಕಥೆಯಲ್ಲಿ ಅಂಥ ಮಾತಿನಷ್ಟು ತೂಕದ್ದು ಇನ್ನೊಂದಿಲ್ಲ, ಏಕೆಂದರೆ ಅದನ್ನು ನಂಬಬೇಕೋ ಬೇಡವೋ ಎಂದು ಕೇಳಿಸಿಕೊಂಡವನೇ ತೀರ್ಮಾನಿಸಬೇಕು. ಹಾಗಾಗಿ ಕಾರವಾರದಿಂದ ಮರಳುವ ಬಸ್ಸಿನಲ್ಲಿ ಗಣಪತಿಯ ಪಕ್ಕ ನೆರೆಮನೆಯ ಹೆಂಗಸನ್ನು ಕೂರಿಸಿದೆ. ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡ ಅವಳು ಬೇರೇನೋ ಹೇಳುತ್ತ ನಡುವೆ, ‘ನಿನ್ನ ಆಯಿ ಮೊನ್ನೆ ತೋಡೂರಿಗೆ ಬಂದು ಜಾಗ ನೋಡಿಕೊಂಡು ಹೋದಳಲ್ಲ, ಬಾವಿ ನೀರು ಉಪ್ಪೋ ಸಿಹಿಯೋ ಅಂತ ಕೇಳುತ್ತಿದ್ದಳು’ ಎನ್ನುತ್ತಾಳೆ. ಗಣಪತಿ ಟಿಕೆಟ್ಟನ್ನು ಹುಡುಕುವ ನೆಪದಲ್ಲಿ ಜೇಬಿಗೆ ಕೈ ಹಾಕುತ್ತಾನೆ. ಆ ಕ್ಷಣದಿಂದ ಗುಟ್ಟು ಕೈ ಬದಲಾಯಿಸುತ್ತದೆ. ಮೊದಲು ತಾಯಿಗೆ ಗೊತ್ತಿಲ್ಲವೆಂದು ಅವನು ನಟಿಸುತ್ತಿದ್ದ. ಈಗ ಅವಳಿಗೆ ಗೊತ್ತಿದೆಯೆಂದು ತನಗೆ ಗೊತ್ತಿಲ್ಲವೆಂಬಂತೆ ನಟಿಸಬೇಕು. ಈ ದೃಶ್ಯವನ್ನು ತಾಯಿಯ ಒಳಗಿನಿಂದ ಬರೆದಿದ್ದರೆ ಒಂದು ಬಸ್ ಪ್ರಯಾಣದ ಬದಲು ಒಂದು ಪುಟದ ಸ್ವಗತ ಬೇಕಾಗುತ್ತಿತ್ತು.

ಶಿರಸಿಯ ಗೆಳೆಯ ಈ ಕರಡನ್ನು ಒಪ್ಪಿದ, ಒಂದು ವಾಕ್ಯವನ್ನು ಬಿಟ್ಟು. ಮನೆ ಬಿಡುವ ಹಿಂದಿನ ರಾತ್ರಿ ಗಣಪತಿ ನಿದ್ದೆ ಹೋಗಿದ್ದಾಗ ಶೇವಂತಿ ಎದ್ದು ಅಡುಗೆಮನೆಯ ಮಾಡಿನಿಂದ ಹಂಚೊಂದನ್ನು ತೆಗೆದು ಪಾತ್ರೆಗಳ ಚೀಲದಲ್ಲಿ ಇಡುತ್ತಾಳೆ ಎಂಬ ವಾಕ್ಯ ಅದು. ‘ನಿದ್ದೆ ಮಾಡಿದವನಿಗೆ ಇದು ಕಂಡದ್ದು ಹೇಗೆ ಮಾರಾಯಾ?’ ಎಂಬುದು ಅವನ ಆಕ್ಷೇಪ. ಮರುದಿನ ಚೀಲ ಬಿಚ್ಚುವಾಗ ಹಂಚು ಸಿಕ್ಕಿತು ಎಂದು ಬರೆದರೆ ನಿಯಮವೂ ಉಳಿಯುತ್ತದೆ ಎಂದು ಅವನೇ ತಿದ್ದುಪಡಿಯನ್ನೂ ಸೂಚಿಸಿದ. ಸೂಚನೆ ಸರಿಯಾದದ್ದೇ. ಆದರೆ ಹಾಗೆ ಮಾಡಿದರೆ ಅದು ಗಣಪತಿಗೆ ಸಿಕ್ಕ ಇನ್ನೊಂದು ಸಾಕ್ಷ್ಯವಾಗುತ್ತದೆ. ಅವನಿಗೆ ಎಂದೂ ಸಿಗದ ಒಂದಾದರೂ ಸಂಗತಿ ಅವಳ ಪಾಲಿಗೆ ಇರಲಿ ಎಂದು ನಾನು ಅದನ್ನು ಇದ್ದಲ್ಲೇ ಬಿಟ್ಟಿದ್ದೇನೆ. ಕಥೆಯನ್ನು ಪತ್ರಿಕೆಗೆ ಕಳಿಸಿಯಾಗಿದೆ. ಸಂಪಾದಕರೂ ಅದೇ ಪ್ರಶ್ನೆ ಎತ್ತಿದರೆ ಇದೇ ಉತ್ತರ ಕೊಡುತ್ತೇನೆ, ಒಪ್ಪದಿದ್ದರೆ ಬೇರೆ ಪತ್ರಿಕೆ ನೋಡಬೇಕು.